ಅರ್ಜಿದಾರನೋ, ಪೌರನೋ?

ನಮ್ಮ ಪಟ್ಟಣಗಳಲ್ಲಿ ಇಂದು ಗೊಣಗದವನಿಲ್ಲ. ನಳದಲ್ಲಿ ನೀರು ಬಾರದೆಂದು ಒಬ್ಬನು ಗೊಣಗುವನು. ಬೀದಿಯನ್ನು ಅಗೆದು ಹಾಗೆಯೇ ಬಿಟ್ಟರೆಂದು ಇನ್ನೊಬ್ಬನು. ಗಟಾರು ತುಂಬಿ ಅಂಗಳಕ್ಕೆ ಹರಿಯಿತೆಂದು ಮತ್ತೊಬ್ಬನು. ಚಹದ ಅಂಗಡಿಯಲ್ಲಿ, ಶಾಲೆಯ ಉಪಾಧ್ಯಾಯರ ಕೋಣೆಯಲ್ಲಿ, ಕಚೇರಿಯ ಪಡಸಾಲೆಯಲ್ಲಿ, ಎಲ್ಲಿ ಕಿವಿಗೊಟ್ಟರೂ ಇದೇ ಮಾತು. ಪರಂತು ಈ ಗೊಣಗಾಟದಿಂದ ಒಂದು ಬುಟ್ಟಿ ಖಡಿಯಾದರೂ ರಸ್ತೆಗೆ ಬಿದ್ದುದನ್ನು ಕಂಡವರಿಲ್ಲ. ಇದಕ್ಕೆ ಕಾರಣವೇನು? ಯಾರನ್ನು ಕೇಳಬೇಕೆಂಬುದು ತಿಳಿಯದವನ ದೂರು ಗಾಳಿಗೆ ಆಡಿದ ಮಾತು. ಕೇಳಬೇಕಾದವನನ್ನು ತಾನು ಆರಿಸಿಯೇ ಇಲ್ಲವೆಂದ ಮೇಲೆ ಅದು ದೂರೂ ಆಗಲಾರದು, ಬರಿಯ ಬೇಡಿಕೆಯಾಗುವದು. ನೀರು, ರಸ್ತೆ, ಕಸ ಇವು ರೋಗದ ಲಕ್ಷಣಗಳು. ಪೌರನೆನಿಸಬೇಕಾದವನು ತನ್ನ ಊರಿನಲ್ಲಿಯೇ ಅರ್ಜಿದಾರನಾಗಿ ಬಾಗಿಲು ಕಾಯುತ್ತಿರುವದೇ ಮೂಲರೋಗ. ಈ ಲೇಖದಲ್ಲಿ ಅದನ್ನೇ ಕುರಿತು ನಾಲ್ಕು ಮಾತು ಹೇಳಲಿಚ್ಛಿಸುತ್ತೇವೆ.

ಸ್ಥಾನಿಕ ಸ್ವರಾಜ್ಯವು ನಮಗೆ ಹೊಸದಲ್ಲ. ಹುಬ್ಬಳ್ಳಿಯಲ್ಲಿ 1855ರಲ್ಲಿಯೂ, ಧಾರವಾಡದಲ್ಲಿ 1856ರಲ್ಲಿಯೂ ಮ್ಯುನಿಸಿಪಾಲಿಟಿಗಳು ಹುಟ್ಟಿದವು. ಬೆಂಗಳೂರಿನ ಪೇಟೆಗೂ ದಂಡಿಗೂ 1862ರಲ್ಲಿ ಬೇರೆ ಬೇರೆ ಪೌರಮಂಡಳಿಗಳಾದವು. ಆಗ ಅವುಗಳಲ್ಲಿ ಕೂಡ್ರುತ್ತಿದ್ದವರು ಬಹುತರವಾಗಿ ಸರಕಾರವು ನೇಮಿಸಿದವರು. 1882ರ ಮೇ 18ರಂದು ಲಾರ್ಡ್ ರಿಪನ್ನರ ಸರಕಾರವು ಹೊರಡಿಸಿದ ನಿರ್ಣಯವು ಈ ಸಂಸ್ಥೆಗಳನ್ನು ಜನತೆಯ ರಾಜಕೀಯ ಶಿಕ್ಷಣದ ಸಾಧನವೆಂದು ಬಗೆದು, ಆರಿಸಿಬರುವ ಸದಸ್ಯರ ಪಾಲನ್ನು ಹೆಚ್ಚಿಸಬೇಕೆಂದು ಹೇಳಿತು. ಮತವಿದ್ದುದು ತೆರಿಗೆ ತೆರುವ ಕೆಲವರಿಗೆ ಮಾತ್ರ. ಮೇಲೆ ಕಲೆಕ್ಟರರ ಕಣ್ಣು. ಹೀಗಿದ್ದರೂ ಆ ಸಭೆಗಳೇ ನಮ್ಮ ಮುಂದಾಳುಗಳಿಗೆ ಗರಡಿಮನೆಗಳಾದವು. ವಲ್ಲಭಭಾಯಿ ಪಟೇಲರು 1924ರಿಂದ 1928ರ ವರೆಗೆ ಅಹಮದಾಬಾದಿನ ಪೌರಸಭೆಯ ಅಧ್ಯಕ್ಷರಾಗಿದ್ದರು. ಜವಾಹರಲಾಲ ನೆಹರೂ ಅವರು 1923ರಲ್ಲಿ ಅಲಹಾಬಾದಿನ ಪೌರಸಭೆಯ ಅಧ್ಯಕ್ಷಪದವನ್ನು ವಹಿಸಿಕೊಂಡರು. ಚಿತ್ತರಂಜನ ದಾಸರು 1924ರಲ್ಲಿ ಕಲಕತ್ತೆಯ ಪ್ರಥಮ ಮೇಯರರಾದರು. ಪರದೇಶದ ಸರಕಾರದ ಕೆಳಗೆ ಗಟಾರದ, ನಳದ, ದೀಪದ ಕೆಲಸಗಳನ್ನು ನಡೆಸಿ ನೋಡಿದವರೇ ಮುಂದೆ ದೇಶವನ್ನು ನಡೆಸಿದರು.

ಸ್ವರಾಜ್ಯ ಬಂದಮೇಲೆ ಪೌರಸಭೆಗಳು ಬಲವಾಗಬೇಕಾಗಿತ್ತು. ಆದದ್ದು ಬೇರೆ. ರಾಜ್ಯ ಸರಕಾರಗಳು ತಮ್ಮ ಮನಸ್ಸು ಬಂದಾಗ ಅವನ್ನು ವಿಸರ್ಜಿಸಿ, ಆಡಳಿತಾಧಿಕಾರಿಗಳನ್ನು ಕೂಡ್ರಿಸಿ, ವರ್ಷಗಟ್ಟಲೆ ಚುನಾವಣೆಯನ್ನು ಮರೆತು ಬಿಡುವ ರೂಢಿ ಬೆಳೆಯಿತು. ಈ ರೂಢಿಯನ್ನು ಮುರಿಯಲಿಕ್ಕೆಂದೇ 1992ರಲ್ಲಿ ಸಂವಿಧಾನದ 74ನೆಯ ತಿದ್ದುಪಡಿ ಆಯಿತು. 1993ರ ಜೂನ್ 1ರಿಂದ ಅದು ಜಾರಿಗೆ ಬಂದಿತು. ಅದು ಹೇಳುವದನ್ನು ಪ್ರತಿಯೊಬ್ಬ ನಗರವಾಸಿಯೂ ಬಾಯಿಪಾಠ ಮಾಡತಕ್ಕದ್ದು. ಪೌರಸಭೆಯ ಆಯುಷ್ಯ ಐದು ವರ್ಷ, ಅದಕ್ಕೂ ಹೆಚ್ಚಿಲ್ಲ. ಆ ಅವಧಿ ತೀರುವದಕ್ಕೆ ಮುಂಚೆಯೇ ಹೊಸ ಚುನಾವಣೆ ಮುಗಿದಿರಬೇಕು. ನಡುವೆ ವಿಸರ್ಜಿಸಿದರೆ ಆರು ತಿಂಗಳೊಳಗಾಗಿ ಚುನಾವಣೆಯಾಗಬೇಕು. ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ಊರುಗಳಲ್ಲಿ ವಾರ್ಡು ಸಮಿತಿಗಳಿರಬೇಕು. ಹನ್ನೆರಡನೆಯ ಅನುಸೂಚಿಯು ನಗರ ಯೋಜನೆ, ರಸ್ತೆ, ನೀರು ಪೂರೈಕೆ, ನೈರ್ಮಲ್ಯ, ಉದ್ಯಾನ, ಸ್ಮಶಾನ, ಬೀದಿದೀಪ ಮೊದಲಾದ 18 ವಿಷಯಗಳನ್ನು ಪೌರಸಂಸ್ಥೆಗಳಿಗೆ ಒಪ್ಪಿಸಬಹುದಾದವುಗಳೆಂದು ಪಟ್ಟಿಮಾಡಿದೆ.

ಈ ಮಾತು ಹೇಗೆ ನಡೆಯಿತೆಂಬುದನ್ನು ಇನ್ನು ನೋಡೋಣ. ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸಭೆಯ ಅವಧಿಯು 2020ರ ಸೆಪ್ಟೆಂಬರ 10ಕ್ಕೆ ತೀರಿತು. ಅಲ್ಲಿ 198 ವಾರ್ಡುಗಳಿದ್ದವು. ಆ ಸಂಖ್ಯೆಯ ಮೇರೆಗೇ ಬೇಗನೆ ಚುನಾವಣೆ ನಡೆಯಿಸಬೇಕೆಂದು ರಾಜ್ಯದ ಉಚ್ಚ ನ್ಯಾಯಾಲಯವು ಅದೇ ಡಿಸೆಂಬರಿನಲ್ಲಿ ಆಜ್ಞಾಪಿಸಿತು. ಅದೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯದ ತಡೆ ಬಂದಿತು. ಹೊಸ ಶಾಸನವು ವಾರ್ಡುಗಳನ್ನು 243 ಮಾಡಿತು. 2023ರಲ್ಲಿ ಅವು 225 ಆದವು. ಆಮೇಲೆ 2024ರ ಶಾಸನದ ಮೇರೆಗೆ 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆಯು ಐದಾಯಿತು. ಐದರ ಮೇಲೆ ಮುಖ್ಯಮಂತ್ರಿಗಳೇ ಅಧ್ಯಕ್ಷರಾದ ಪ್ರಾಧಿಕಾರವೊಂದು ಏರಿತು. ಆ ಐದು ಪಾಲಿಕೆಗಳು ಹುಟ್ಟಿದ ದಿನ ಅವುಗಳಲ್ಲಿ ಯಾವ ವಾರ್ಡಿನಿಂದಲೂ ಆರಿಸಿಬಂದ ಒಬ್ಬ ಸದಸ್ಯನೂ ಇರಲಿಲ್ಲ. ಹೀಗೆ ಐದು ವರ್ಷಗಳು, ಅಂದರೆ ಒಂದು ಸಭೆಯ ಪೂರ್ಣಾಯುಷ್ಯವೇ, ಎಣಿಕೆಯಲ್ಲಿಯೂ ಗೆರೆ ಎಳೆಯುವದರಲ್ಲಿಯೂ ಕಳೆದುಹೋಯಿತು.

ಇದು ರಾಜಧಾನಿಯೊಂದರ ಕಥೆಯೆಂದು ತಿಳಿಯಬೇಡಿರಿ. ಹುಬ್ಬಳ್ಳಿ-ಧಾರವಾಡದ ಪಾಲಿಕೆಯ ಅವಧಿಯು 2019ರ ಮಾರ್ಚಿನಲ್ಲಿ ತೀರಿತು. ಚುನಾವಣೆಯಾದದ್ದು 2021ರ ಸೆಪ್ಟೆಂಬರಿನಲ್ಲಿ. ಆರಿಸಿಬಂದವರು ಮೇಯರರನ್ನು ಆಯ್ದುಕೊಳ್ಳಲು 2022ರ ಮೇ ತಿಂಗಳ ವರೆಗೆ ಕಾದು ಕೂಡ್ರಬೇಕಾಯಿತು. ಮದರಾಸು, ಅಂದರೆ ಚೆನ್ನೈ ನಗರವು, 2016ರಿಂದ 2022ರ ವರೆಗೆ ಚುನಾಯಿತ ಸಭೆಯಿಲ್ಲದೆ ಇದ್ದಿತು. ಮುಂಬಯಿಯ ಸಭೆಯ ಅವಧಿಯು 2022ರ ಮಾರ್ಚಿನಲ್ಲಿ ಮುಗಿದರೆ ಮುಂದಿನ ಚುನಾವಣೆಯಾದದ್ದು 2026ರ ಜನವರಿಯಲ್ಲಿ. ಈ ಊರುಗಳಲ್ಲಿ ಈ ಕಾಲಗಳಲ್ಲಿ ಆಳಿದ ಪಕ್ಷಗಳು ಒಂದೇ ಅಲ್ಲ. ಆದುದರಿಂದ ಯಾವ ಪಕ್ಷದ ಮೇಲೂ ಈ ದೋಷವನ್ನು ಹೊರಿಸಿ ಉಳಿದವರನ್ನು ಪಾರುಮಾಡುವಂತಿಲ್ಲ. ವಿಧಾನಸೌಧದಲ್ಲಿ ಯಾರು ಕುಳಿತರೂ ಅವರಿಗೆ ಪೌರಸಭೆಯೆಂಬುದು ಎರಡನೆಯ ಖಡ್ಗದಂತೆ ತೋರುವದು. ಒಂದೇ ಒರೆಯಲ್ಲಿ ಎರಡಕ್ಕೆ ಸ್ಥಳವಿಲ್ಲವೆಂದು ಅವರು ತಿಳಿದಿರುವರು.

ವಾರ್ಡುಗಳ ಎಲ್ಲೆ ಗೊತ್ತುಪಡಿಸುವದು, ಮೀಸಲು ಸ್ಥಾನಗಳನ್ನು ತಿರುಗಿಸುವದು, ನ್ಯಾಯಾಲಯದ ವ್ಯಾಜ್ಯ ಇವೆಲ್ಲ ಅನಿವಾರ್ಯವೆಂದು ಅಧಿಕಾರಿವರ್ಗವು ಹೇಳುವದು. ನೆರೆಯ ಕೇರಳವನ್ನು ನೋಡಿರಿ. ಅಲ್ಲಿಯೂ ವಾರ್ಡುಗಳಿವೆ, ಮೀಸಲಾತಿಯಿದೆ, ವ್ಯಾಜ್ಯಗಾರರಿದ್ದಾರೆ. ಆದರೂ 1995ರಿಂದ ಐದೈದು ವರ್ಷಕ್ಕೊಮ್ಮೆ, 2000, 2005, 2010, 2015, 2020, 2025 ಎಂದು ಗಡಿಯಾರದಂತೆ ಚುನಾವಣೆಗಳು ನಡೆದಿವೆ. 2020ರ ಡಿಸೆಂಬರಿನಲ್ಲಿ, ಸಾಂಕ್ರಾಮಿಕ ರೋಗವು ದೇಶವನ್ನೆಲ್ಲ ಮುತ್ತಿದ ಕಾಲದಲ್ಲಿಯೇ, ಕೇರಳದವರು ಸಾಲಿನಲ್ಲಿ ನಿಂತು ಮತ ಹಾಕಿದರು. ಅದೇ ವರ್ಷ ಬೆಂಗಳೂರಿನ ಸಭೆಯು ಉತ್ತರಾಧಿಕಾರಿಯಿಲ್ಲದೆ ತೀರಿಹೋಯಿತು. ಮನಸ್ಸಿದ್ದಲ್ಲಿ ಮಾರ್ಗವಿದೆ.

ಇಲ್ಲಿ ಕೆಲವು ಬುದ್ಧಿವಂತರು ನಮ್ಮನ್ನು ತಡೆದು, "ಆರಿಸಿಬರುವ ನಗರಸೇವಕರು ಗುತ್ತಿಗೆದಾರರ ಗೆಳೆಯರಲ್ಲವೇ? ಅವರಿಗಿಂತ ಓದಿದ ಅಧಿಕಾರಿಯೊಬ್ಬನು ಬಿಗಿಯಾಗಿ ನಡೆಯಿಸಿದರೆ ಊರಿಗೆ ಲೇಸಲ್ಲವೇ?" ಎಂದು ಕೇಳುವರು. ಸುಶಿಕ್ಷಿತರಲ್ಲಿಯೇ ಈ ಅಭಿಪ್ರಾಯವು ಹೆಚ್ಚಾಗಿರುವದರಿಂದ ಇದಕ್ಕೆ ಉತ್ತರ ಕೊಡಲೇಬೇಕು. ನಗರಸೇವಕರಲ್ಲಿ ಲೋಭಿಗಳಿದ್ದಾರೆಂಬುದನ್ನು ಅಲ್ಲಗಳೆಯಲಾರೆವು. ಪರಂತು ಲೋಭವೇ ಸಭೆಯನ್ನು ಮುಚ್ಚಲು ಕಾರಣವಾಗುವದಾದರೆ ಶಾಸನಸಭೆಯೂ ಸಂಸತ್ತೂ ಎಷ್ಟು ದಿನ ತೆರೆದಿರಬೇಕು? ಇನ್ನು ಅಧಿಕಾರಿಗಳ ಬಿಗಿಯನ್ನು ಬೆಂಗಳೂರು ಐದು ವರ್ಷ ಕಂಡಿದೆ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಹೊರವರ್ತುಲ ರಸ್ತೆಯು ಹೊಳೆಯಾಗಿ, ಜನರು ಟ್ರ್ಯಾಕ್ಟರು ಹತ್ತಿ ಕೆಲಸಕ್ಕೆ ಹೋದರು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಅದೇ ಊರು ಒಂದು ಟ್ಯಾಂಕರು ನೀರಿಗಾಗಿ ಕೈಯೊಡ್ಡಿತು. ಈ ಎರಡು ಸಂಕಟಗಳಲ್ಲಿಯೂ ವಾರ್ಡಿನ ಜನರು ಹಿಡಿದು ಕೇಳಬಹುದಾದ ಪ್ರತಿನಿಧಿಯೊಬ್ಬನೂ ಇರಲಿಲ್ಲ. ಸಭೆಯಿದ್ದಿದ್ದರೆ ಮಳೆ ಕಡಿಮೆಯಾಗುತ್ತಿತ್ತೆಂದು ನಾವು ಹೇಳುವದಿಲ್ಲ. ಕೆರೆಯ ಕಾಲುವೆಯ ಮೇಲೆ ಮನೆ ಕಟ್ಟಲು ಯಾರು ಒಪ್ಪಿಗೆ ಕೊಟ್ಟರೆಂದು ಎದ್ದುನಿಂತು ಕೇಳುವ ಒಂದು ಸ್ಥಳವಾದರೂ ಇರುತ್ತಿತ್ತು. ಅಧಿಕಾರಿಯು ಒಳ್ಳೆಯವನಾದರೆ ವರ್ಗವಾಗಿ ಹೋಗುವನು; ಕೆಟ್ಟವನಾದರೂ ವರ್ಗವಾಗಿಯೇ ಹೋಗುವನು. ನಗರಸೇವಕನಾದರೋ ಅದೇ ಬೀದಿಯಲ್ಲಿ ಬಾಳಬೇಕು, ಮತ್ತೆ ಅದೇ ಬಾಗಿಲಿಗೆ ಕೈಮುಗಿದು ಬರಬೇಕು. ಈ ಭಯವೇ ಪೌರನ ಬಂಡವಾಳ.

ಚುನಾವಣೆಯಾದ ಮಾತ್ರಕ್ಕೆ ಎಲ್ಲವೂ ಸರಿಹೋಗುವದೆಂದೂ ನಾವು ಹೇಳೆವು. ಸಭೆ ಕೂಡಿದಾಗಲೂ ಅದರ ಕೈಯಲ್ಲಿ ಉಳಿದಿರುವದೇನು? ಬೆಂಗಳೂರಿನ ನೀರು 1964ರ ಜಲಮಂಡಳಿಯದು. ಬಡಾವಣೆಗಳು 1976ರ ಅಭಿವೃದ್ಧಿ ಪ್ರಾಧಿಕಾರದವು. ಬಸ್ಸುಗಳು 1997ರ ಸಾರಿಗೆ ಸಂಸ್ಥೆಯವು. ವಿದ್ಯುತ್ತು 2002ರ ಕಂಪನಿಯದು. ಇವುಗಳಲ್ಲಿ ಒಂದೂ ಮೇಯರರ ಮಾತಿಗೆ ಕಟ್ಟುಬಿದ್ದದ್ದಲ್ಲ. ಆದುದರಿಂದಲೇ ಡಾಂಬರು ಹಾಕಿದ ರಸ್ತೆಯನ್ನು ನೀರಿನವರು ಅಗೆಯುವರು, ಅವರು ಮುಚ್ಚಿದ್ದನ್ನು ತಂತಿಯವರು ಅಗೆಯುವರು. ಕಡೆಯಲ್ಲಿ ತಗ್ಗಿನಲ್ಲಿ ಬಿದ್ದವನಿಗೆ ಎಲ್ಲರೂ ಬೇರೆ ಕಚೇರಿಯ ದಾರಿಯನ್ನು ತೋರಿಸುವರು. 1976ರ ಪೌರನಿಗಮ ಶಾಸನವು ಮೇಯರರಿಗೆ ಕೊಟ್ಟ ಅವಧಿ ಒಂದೇ ವರ್ಷ. ಸನ್ಮಾನದ ಹಾರಗಳು ಬಾಡಿ, ಕಡತಗಳ ಪರಿಚಯವಾಗುವಷ್ಟರಲ್ಲಿ ಅವರು ಕುರ್ಚಿ ಬಿಡುವರು. ಆಯುಕ್ತರನ್ನು ನೇಮಿಸುವದೂ ತೆಗೆಯುವದೂ ರಾಜ್ಯ ಸರಕಾರ.

ಕೆಲಸವು ಅಸಾಧ್ಯವಾದುದರಿಂದ ಆಗುತ್ತಿಲ್ಲವೆಂಬ ಸಮಾಧಾನವೂ ನಮಗಿಲ್ಲ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರ್ಗಿಗಳ ಕೆಲವು ವಾರ್ಡುಗಳಲ್ಲಿ 2008ರಲ್ಲಿಯೇ ದಿನದ 24 ತಾಸೂ ನಳದಲ್ಲಿ ನೀರು ಹರಿಯಿಸಿ ತೋರಿಸಲಾಯಿತು. ಹಳೆಯ ಕೊಳವೆ ಕಿತ್ತು ಹೊಸದು ಹಾಕಿ, ಪ್ರತಿ ಮನೆಗೆ ಮೀಟರು ಜೋಡಿಸಿ, ಸೋರಿಕೆ ನಿಲ್ಲಿಸಿದ್ದೇ ಅದರ ಗುಟ್ಟು. ಆದರೆ ಆ ಪ್ರಯೋಗವನ್ನು ಆಯಾ ಊರಿಗೆಲ್ಲ ಹರಡಲು ಹತ್ತು ವರ್ಷವೂ ಸಾಲಲಿಲ್ಲ. ಒಂದು ಓಣಿಯಲ್ಲಿ ಸದಾಕಾಲವೂ ನೀರು. ಪಕ್ಕದ ಓಣಿಯಲ್ಲಿ ವಾರಕ್ಕೊಮ್ಮೆ ಕೊಡಗಳ ಸಾಲು. ಪ್ರತಿ ತಿಂಗಳೂ ತುಂಬಿದ ಸಭೆಯಲ್ಲಿ "ನಮ್ಮ ಓಣಿಗೆ ಎಂದು?" ಎಂಬ ಪ್ರಶ್ನೆಗೆ ಲೆಕ್ಕಸಹಿತ ಉತ್ತರ ಕೊಡಬೇಕಾಗಿದ್ದರೆ ಈ ಅಂತರವು ಇಷ್ಟು ಕಾಲ ಉಳಿಯಬಹುದಾಗಿತ್ತೇ?

ಇನ್ನು ಕಹಿಯಾದ ಮಾತೊಂದಿದೆ; ಓದುಗರು ಕ್ಷಮಿಸಬೇಕು. ನಗರವಾಸಿಗಳ ಕೈಯೂ ಪೂರ್ಣ ಶುದ್ಧವಲ್ಲ. 2010ರಲ್ಲಿಯೂ 2015ರಲ್ಲಿಯೂ ಬೆಂಗಳೂರಿನ ಪಾಲಿಕೆಯ ಚುನಾವಣೆಯಾದಾಗ ಮತದಾರರಲ್ಲಿ ಅರ್ಧದಷ್ಟು ಜನರೂ ಮತಗಟ್ಟೆಗೆ ಹೋಗಲಿಲ್ಲ. ಕಿತ್ತುಕೊಂಡ ಹಕ್ಕಿಗಾಗಿ ಬೀದಿಗೆ ಇಳಿಯದಿರುವದಕ್ಕೂ, ಕೈಯಲ್ಲಿದ್ದ ಹಕ್ಕನ್ನು ರಜೆಯ ದಿನದ ನಿದ್ರೆಗೆ ಮಾರಿದ್ದಕ್ಕೂ ಸಂಬಂಧವಿಲ್ಲವೇ? ಕಸದ ಮಾತೂ ಹಾಗೆಯೇ. ಹಸಿ ಕಸ, ಒಣ ಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು 2016ರ ನಿಯಮಗಳೇ ಹೇಳಿದ್ದವು. ಸುಶಿಕ್ಷಿತ ಮನೆಗಳಿಂದಲೇ ಎಲ್ಲವೂ ಒಂದೇ ಚೀಲದಲ್ಲಿ ಕಟ್ಟಿಸಿಕೊಂಡು ರಾತ್ರಿ ಬೀದಿಯ ಮೂಲೆಯನ್ನು ಸೇರುತ್ತದೆ. ಮುಂಜಾವದಲ್ಲಿ ಪೌರಕಾರ್ಮಿಕಳು ಅದನ್ನು ಬರಿಗೈಯಿಂದ ಬಿಚ್ಚುತ್ತಾಳೆ. ನಾವು ಎಸೆದದ್ದು ಇಲ್ಲವಾಗುವದಿಲ್ಲ. ಯಾರದೋ ಹಳ್ಳಿಗೆ ಹೋಗುತ್ತದೆ. ಬೆಂಗಳೂರಿನ ಕಸದ ಗುಡ್ಡಗಳಿಂದ ಬೇಸತ್ತ ಮಾವಳ್ಳಿಪುರದವರು, ಮಂಡೂರಿನವರು ಪ್ರತಿಭಟಿಸಿದ ಮೇಲೆಯೇ ಮಾವಳ್ಳಿಪುರಕ್ಕೆ 2012ರಲ್ಲಿಯೂ, ಮಂಡೂರಿಗೆ 2014ರಲ್ಲಿಯೂ ಲಾರಿಗಳು ನಿಂತವು. ಆ ಹಳ್ಳಿಯವರ ಬಾವಿಯ ನೀರಿಗೆ ನಗರದ ಯಾವ ತೆರಿಗೆಯಲ್ಲಿಯೂ ಬೆಲೆ ಕಟ್ಟಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಸಭೆಯ ಅವಧಿ ತೀರುವ ಒಂದು ವರ್ಷ ಮುಂಚೆಯೇ ವಾರ್ಡುಗಳ ಎಲ್ಲೆಯೂ ಮೀಸಲಾತಿಯ ಪಟ್ಟಿಯೂ ಸಿದ್ಧವಾಗಿರಬೇಕು. ಆ ಕೆಲಸವು ಮಂತ್ರಿಗಳ ಕೈಯಿಂದ ಸ್ವತಂತ್ರ ಆಯೋಗದ ಕೈಗೆ ಹೋಗಬೇಕು. ಸಿದ್ಧವಾಗದಿದ್ದರೆ ಹಳೆಯ ಎಲ್ಲೆಗಳ ಮೇಲೆಯೇ ಚುನಾವಣೆ ನಡೆಯತಕ್ಕದ್ದೆಂದು ಶಾಸನವಾಗಬೇಕು. ಎರಡನೆಯದಾಗಿ, ಪ್ರತಿ ವಾರ್ಡಿನ ಸಮಿತಿಯು ತಿಂಗಳಿಗೊಮ್ಮೆ ಬಹಿರಂಗವಾಗಿ ಕೂಡಿ, ಆ ವಾರ್ಡಿಗೆ ಬಂದ ಹಣದ ಲೆಕ್ಕವನ್ನು ಓದಿ ಹೇಳಬೇಕು. ಮೂರನೆಯದಾಗಿ, ಈ ಲೆಕ್ಕವೂ, ಅಂದಾಜುಪಟ್ಟಿಯೂ, ಗುತ್ತಿಗೆಯ ಕರಾರೂ ಕನ್ನಡದಲ್ಲಿರಬೇಕು. 1963ರ ರಾಜಭಾಷಾ ಶಾಸನಕ್ಕೆ ಅರವತ್ತು ವರ್ಷ ಮೀರಿದೆ. ಆದರೂ ತನ್ನ ಮನೆಯ ಮುಂದಿನ ಗಟಾರಕ್ಕೆ ಎಷ್ಟು ಸಿಮೆಂಟು ಬೀಳಬೇಕೆಂದು ತಿಳಿಯಬೇಕಾದ ಕನ್ನಡಿಗನು ಇಂಗ್ಲಿಷಿನ ಕಾಗದವನ್ನು ತಿರುವಿ ಸುಮ್ಮನಾಗುತ್ತಾನೆ. ತಿಳಿಯದ ಭಾಷೆಯ ಲೆಕ್ಕವು ಬಚ್ಚಿಟ್ಟ ಲೆಕ್ಕಕ್ಕೆ ಸಮಾನ.

ಸರಕಾರವು ಇವನ್ನು ತಾನಾಗಿ ಕೊಡುವದೆಂದು ಕಾಯುತ್ತ ಕೂಡ್ರಲಾಗದು. 2005ರ ಮಾಹಿತಿ ಹಕ್ಕಿನ ಶಾಸನದ ಮೇರೆಗೆ ಕೇಳಿದವನಿಗೆ 30 ದಿನಗಳಲ್ಲಿ ಉತ್ತರ ಸಿಗತಕ್ಕದ್ದು. 2011ರ ಸಕಾಲ ಶಾಸನದ ಮೇರೆಗೆ ಗೊತ್ತುಪಡಿಸಿದ ಸೇವೆಯು ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯ ವರೆಗೆ ಪರಿಹಾರವನ್ನು ಕೇಳಬಹುದು. ಮೊತ್ತವು ಅಲ್ಪ, ಆದರೆ ತಪ್ಪಿದವನ ಹೆಸರು ದಾಖಲೆಗೆ ಏರುವದು ಅಲ್ಪವಲ್ಲ. ಎಷ್ಟು ಜನರು ಇದನ್ನು ಕೇಳಿದ್ದಾರೆ? ಒಂದು ಓಣಿಯ ಹತ್ತು ಮನೆಯವರು ಕೂಡಿ ಒಂದು ರಸ್ತೆಯ ಅಂದಾಜುಪಟ್ಟಿಯನ್ನು ತರಿಸಿ, ಕೆಲಸ ನಡೆಯುವಾಗ ಅಳತೆಯ ಪಟ್ಟಿ ಹಿಡಿದು ನಿಂತರೆ ಗುತ್ತಿಗೆದಾರನ ಕೈ ತಾನಾಗಿಯೇ ಬಿಗಿಯಾಗುವದು.

ಉಪಾಧ್ಯಾಯ ಬಂಧುಗಳಲ್ಲಿ ನಮ್ಮದೊಂದು ವಿಶೇಷ ವಿಜ್ಞಾಪನೆ. ಸಂಸತ್ತಿನ ಎರಡು ಸಭೆಗಳ ಸದಸ್ಯರ ಸಂಖ್ಯೆಯನ್ನು ಹೇಳಬಲ್ಲ ಹುಡುಗನಿಗೆ ತಾನಿರುವ ವಾರ್ಡಿನ ಹೆಸರು ತಿಳಿಯದು. ಊರಿನ ನೀರು ಯಾವ ಹೊಳೆಯಿಂದ ಬರುತ್ತದೆ, ಶಾಲೆಯ ಕಸ ಎಲ್ಲಿಗೆ ಹೋಗುತ್ತದೆ, ಮನೆಯ ತೆರಿಗೆ ಯಾವ ಕೆಲಸಕ್ಕೆ ಸಲ್ಲುತ್ತದೆ ಎಂಬುದನ್ನು ಮಕ್ಕಳೇ ಹೋಗಿ ಕೇಳಿ ಬರೆದುಕೊಂಡು ಬರಲಿ. ಹತ್ತು ವರ್ಷಗಳಲ್ಲಿ ಆ ಮಕ್ಕಳೇ ಮತದಾರರು. ಕೇಳಲು ಕಲಿತವನನ್ನು ಅರ್ಜಿದಾರನನ್ನಾಗಿ ಕೂಡ್ರಿಸುವದು ಯಾವ ಸರಕಾರಕ್ಕೂ ಸುಲಭವಲ್ಲ.