ಹೊದಿಕೆಗೆ ಮುನ್ನ ತಾರಸಿ

ಆಂಧ್ರದಲ್ಲಿ ತಾರಸಿ ಮನೆಗೆ ‘ಡಾಬಾ ಇಲ್ಲು’ ಎನ್ನುತ್ತಾರೆ. ಉದ್ಯೋಗನಿಮಿತ್ತ ವಿಶಾಖಪಟ್ಟಣದಲ್ಲೋ ವಿಜಯವಾಡದಲ್ಲೋ ನೆಲೆಸಿ, ಸಾಲ ಮಾಡಿ ಇಂಥದೊಂದು ಮನೆ ಕಟ್ಟಿಕೊಂಡ ಕನ್ನಡಿಗರು ಕೆಲವೇ ವರ್ಷಗಳಲ್ಲಿ ಕೇಳತೊಡಗುತ್ತಾರೆ: ಸೋರುವ ತಾರಸಿಗೆ ಯಾವ ಹೊದಿಕೆ ಒಳ್ಳೆಯದು? ಇದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ ಎಂಬುದು ನನ್ನ ಅಭಿಪ್ರಾಯ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಒಳಗಿಳಿಯುತ್ತದೆ ಎಂಬುದನ್ನು ನೋಡದೆ ಡಬ್ಬಿಯ ಮೇಲಿನ ವಾರಂಟಿಯನ್ನು ನಂಬಿ ಹಣ ಸುರಿಯುವುದು ರೋಗ ತಿಳಿಯದೆ ಔಷಧ ಕೊಂಡಂತೆ.

ಒಂದೇ ರಾಜ್ಯದ ಈ ಎರಡು ನಗರಗಳಲ್ಲಿ ತಾರಸಿಯ ಶತ್ರುಗಳು ಬೇರೆ ಬೇರೆ. ವಿಶಾಖಪಟ್ಟಣದ ಕಡಲಗಾಳಿಯಲ್ಲಿ ಉಪ್ಪಿದೆ. ಬಿರುಕಿನಿಂದ ಇಳಿದ ಉಪ್ಪುತೇವ ಒಳಗಿನ ಕಬ್ಬಿಣವನ್ನು ತಲುಪಿದರೆ ತುಕ್ಕು ಹಿಗ್ಗಿ ಕಾಂಕ್ರೀಟನ್ನೇ ಸೀಳುತ್ತದೆ. ಚಾವಣಿಯ ಗಾರೆ ಚಕ್ಕೆಚಕ್ಕೆಯಾಗಿ ಬೀಳುತ್ತದೆ. ಅಲ್ಲಿಗೆ ಪ್ರಶ್ನೆ ಗೋಡೆಯ ಬಣ್ಣದ್ದಲ್ಲ, ಮನೆಯ ಆಯುಷ್ಯದ್ದು. 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ಅಪ್ಪಳಿಸಿದ ಊರಿದು. ಅಂಥ ಗಾಳಿಗೆ ಮಳೆ ಅಡ್ಡವಾಗಿ ಹೊಡೆದು ಕೈಪಿಡಿ ಗೋಡೆಯ ಬುಡದಿಂದಲೂ ನುಗ್ಗುತ್ತದೆ. ವಿಜಯವಾಡದ್ದು ಬಿಸಿಲಿನ ಕಥೆ. ಮೇ ತಿಂಗಳಲ್ಲಿ 45 ಡಿಗ್ರಿ ದಾಟುವ ದಿನಗಳುಂಟು. ಬಿಸಿಲಿಗೆ ತೆರೆದ ಕಾಂಕ್ರೀಟು ಅದಕ್ಕಿಂತಲೂ ಹೆಚ್ಚು ಕಾಯುತ್ತದೆ. 30 ಡಿಗ್ರಿಯ ಏರಿಳಿತಕ್ಕೆ 10 ಮೀಟರ್ ಉದ್ದದ ಕಾಂಕ್ರೀಟು ಸುಮಾರು 3 ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಅದರೊಡನೆ ಹಿಗ್ಗಲಾರದ ಹೊದಿಕೆ ಬಿರಿಯಲೇಬೇಕು.

ಹೀಗಿರುವಾಗ ‘ಅತ್ಯುತ್ತಮ’ ಹೊದಿಕೆಯೆಂಬುದು ಇಲ್ಲ. ಇಟ್ಟಿಗೆ ಚೂರು ಹಾಸಿ ಗಾರೆ ಎಳೆಯುವ ಹಳೆಯ ಪದ್ಧತಿ ಬಾಳಿಕೆಯದು, ಇಳಿಜಾರನ್ನೂ ಕೊಡುತ್ತದೆ. ಆದರೆ 10 ಸೆಂಟಿಮೀಟರ್ ದಪ್ಪಕ್ಕೆ ಚದರ ಮೀಟರಿಗೆ 200 ಕಿಲೋಗ್ರಾಂ ಆಸುಪಾಸಿನ ಭಾರ. ತುಕ್ಕು ಹಿಡಿದ ಹಳೆಯ ಚಾವಣಿಯ ಮೇಲೆ ಅದನ್ನು ಹೇರುವುದು ಅಪಾಯ. ಡಾಂಬರು ಹಾಳೆ ನೀರನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಅದರ ಕಪ್ಪು ಮೈ ಬಿಸಿಲನ್ನು ಹೀರುತ್ತದೆ. ಒಂದೆಡೆ ಹರಿದರೆ ನೀರು ಹಾಳೆಯಡಿ ಹರಿದು ಮತ್ತೊಂದೆಡೆ ತೊಟ್ಟಿಕ್ಕುವುದರಿಂದ ಮೂಲವನ್ನು ಹುಡುಕುವುದೇ ಕಷ್ಟ. ಬಿಳಿಯ ಅಕ್ರಿಲಿಕ್ ಲೇಪ ಹಗುರ, ಹಿಗ್ಗಬಲ್ಲದು, ಬಿಸಿಲನ್ನು ಹಿಂದಕ್ಕಟ್ಟುತ್ತದೆ. ಆದರೆ ನಿಂತ ನೀರಿನಲ್ಲಿ ಬಹುಕಾಲ ಬಾಳದು, ಕೆಲವು ವರ್ಷಗಳಿಗೊಮ್ಮೆ ಮತ್ತೆ ಬಳಿಯಬೇಕು.

ಆದರೂ ಹಳೆಯ ಮನೆಗಳಿಗೆ ನಾನು ಈ ಬಿಳಿಯ ಲೇಪದ ಪಕ್ಷ. ಅದು ಸೋರಿದರೆ ಸೋರಿದ ಜಾಗ ಕಣ್ಣಿಗೆ ಕಾಣುತ್ತದೆ, ಅಷ್ಟನ್ನೇ ಸರಿಪಡಿಸಬಹುದು. ಸಾಮಾನ್ಯ ಸಂಬಳದ ಮನೆಗೆ ಹತ್ತು ವರ್ಷ ಮರೆತುಬಿಡಬಹುದೆಂಬ ಭರವಸೆಗಿಂತ ಕಂಡು ಸರಿಪಡಿಸಬಹುದಾದ ದೋಷವೇ ಲೇಸು. ಲೇಪಕ್ಕೆ ಮುನ್ನ ಇಳಿಜಾರು ನೂರಕ್ಕೆ ಒಂದಾದರೂ ಇರಬೇಕು, ಬಿರುಕು ತುಂಬಿರಬೇಕು, ಗೋಡೆ ತಾರಸಿಗೆ ಸೇರುವ ಮೂಲೆಯನ್ನು ಗಾರೆಯಿಂದ ದುಂಡಾಗಿಸಿರಬೇಕು. ಚಾವಣಿಯ ಕಬ್ಬಿಣವೇ ಕಾಣತೊಡಗಿದ್ದರೆ ಬಣ್ಣದಂಗಡಿಗಲ್ಲ, ಎಂಜಿನಿಯರ್ ಬಳಿಗೆ ಹೋಗಬೇಕು.

ಬಳ್ಳಾರಿ, ರಾಯಚೂರು ಸೀಮೆಯ ಮಣ್ಣಿನ ಮಾಳಿಗೆಗಳನ್ನು ಕಂಡವರಿಗೆ ಈ ಮಾತು ಹೊಸದಲ್ಲ. ಮಳೆಗಾಲಕ್ಕೆ ಮುನ್ನ ಮಾಳಿಗೆ ಹತ್ತಿ ಸವಳು ಮಣ್ಣು ಹರಡುವುದು ಅಲ್ಲಿ ಬಿತ್ತನೆಯಷ್ಟೇ ಸಹಜವಾದ ಕೆಲಸವಾಗಿತ್ತು. ಕಾಂಕ್ರೀಟು ಬಂದ ಮೇಲೆ ಆ ದುಡಿಮೆಯಿಂದ ಬಿಡುಗಡೆ ಸಿಕ್ಕಿತೆಂದುಕೊಂಡೆವು. ವಾಸ್ತವವಾಗಿ ಬದಲಾದದ್ದು ಸಾಮಗ್ರಿ ಮಾತ್ರ, ಕರ್ತವ್ಯವಲ್ಲ. ಮೇ ಕೊನೆಯಲ್ಲಿ ಒಮ್ಮೆ, ಅಕ್ಟೋಬರಿನ ಚಂಡಮಾರುತಗಳಿಗೆ ಮುನ್ನ ಒಮ್ಮೆ ಪೊರಕೆ ಹಿಡಿದು ತಾರಸಿಗೆ ಹೋಗಿ, ನೀರು ಹೊರಹೋಗುವ ಕೊಳವೆಯ ಬಾಯಿಂದ ಎಲೆ ಕಸ ತೆಗೆದರೆ ಸಾಕು. ಯಾವ ದುಬಾರಿ ಹೊದಿಕೆಯೂ ಮಾಡದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.