ಬೀಗರ ಕ್ಲಬ್ಬೂ, ಅಕ್ಕಿ ತಟ್ಟಿಯೊಳಗಿನ ಹೆಸರೂ

ಮೊದಲ ಒಂದು ಮಾತು ಹೇಳಿಬಿಡ್ತೀನ್ರಿ. ನನಗ ಫುಟ್ಬಾಲ್ ತಿಳಿಯೂದಿಲ್ಲ. ಆಫ್‌ಸೈಡ್ ಅಂದ್ರ ಏನು ಅಂತ ನನ್ನ ಮಗಾ ಉಪ್ಪಿನ ಡಬ್ಬಿ, ಸಕ್ಕರಿ ಡಬ್ಬಿ ಇಟ್ಟು ಮೂರು ಸಲಾ ತೋರಿಸ್ಯಾನ. ಮೂರೂ ಸಲಾ 'ಹೂಂ, ತಿಳೀತು' ಅಂದೀನಿ. ತಿಳದಿಲ್ಲ. ಆದ್ರ ಒಂದು ಮನಿತನಕ್ಕ ಹೊಸಾ ಯಜಮಾನ ಬರ್ತಾನ ಅಂದಾಗ ಮಂದಿಗೆ ಹೊಟ್ಟ್ಯಾಗ ಏನಾಗ್ತದ ಅನ್ನೂದು ಮಾತ್ರ ಛಂದಾಗಿ ತಿಳೀತದ. ಲಗ್ನಾ ಆಗಿ ಈ ಹುಬ್ಬಳ್ಳಿ ಮನಿಗೆ ಬಂದು ಮೂವತ್ತು ವರ್ಷದ ಮ್ಯಾಲೆ ಆತು ನೋಡ್ರಿ. ಆ ಅನುಭವದ ಮ್ಯಾಲೆನ ಇವತ್ತು ಕಲ್ಕತ್ತಾದ ಫುಟ್ಬಾಲ್ ಕ್ಲಬ್ಬಿನ ಬಗ್ಗೆ ಬರೀಲಿಕ್ಕೆ ಕೂತೀನಿ. ಒಲಿ ಮ್ಯಾಲೆ ಬ್ಯಾಳಿ ಇಟ್ಟೀನಿ, ಮೂರು ಸೀಟಿ ಆಗೂದ್ರಾಗ ಮುಗಸಬೇಕಂತ ವಿಚಾರ ಅದ.

ನಮಗೂ ಕಲ್ಕತ್ತಾಕ್ಕೂ ಏನ್ ಸಂಬಂಧ ಅಂತೀರಿ? ಬೀಗತನದ ಸಂಬಂಧರಿ. ನನ್ನ ಮಗಾ ಬೆಂಗಳೂರಾಗ ನೌಕರಿ ಮಾಡ್ತಾನ, ಜೋಡಿ ಕೆಲಸಾ ಮಾಡೋ ಬಂಗಾಲಿ ಹುಡುಗೀನ್ನ ಮೆಚ್ಚಿದಾ. 2020ರ ಜನವರಿಯೊಳಗ ಮಾತುಕತಿ ಮುಗಸಲಿಕ್ಕೆ ನಾವು ಅವರ ಮನಿಗೆ, ಉತ್ತರ ಕಲ್ಕತ್ತಾದ ಶ್ಯಾಮಬಜಾರಕ್ಕ ಹೋಗಿದ್ವಿ. ನಾವು ಶಾಕಾಹಾರಿಗಳು ಅಂತ ಪಾಪ ಅವರು ಬ್ಯಾರೆ ಒಲಿ, ಬ್ಯಾರೆ ಭಾಂಡಿ ತಂದಿಟ್ಟಿದ್ರು. ಮೀನದ ವಾಸನಿ ಬರಬಾರದು ಅಂತ ಮೂರು ದಿವಸ ಅಂಗಳದಾಗೆಲ್ಲಾ ಧೂಪಾ ಹಾಕಿದ್ರು. ಇಂಥಾ ಮಂದಿ.

ಆದ್ರ ಆ ಮನ್ಯಾಗ ಎರಡು ಪಕ್ಷ. ಬೀಗರು ಮೋಹನ್ ಬಾಗಾನ್. ಬೀಗತಿ ತವರುಮನಿ ಕಡೆಯವರು ಆವಾಗಿನ ಪೂರ್ವ ಬಂಗಾಲದಿಂದ ಬಂದವರು, ಅವರದು ಈಸ್ಟ್ ಬೆಂಗಾಲ್. ಮೋಹನ್ ಬಾಗಾನ್ ಗೆದ್ರ ಆ ಮನ್ಯಾಗ ಸಿಗಡಿ, ಈಸ್ಟ್ ಬೆಂಗಾಲ್ ಗೆದ್ರ ಇಲೀಶ್ ಮೀನ. ಇದು ಅವರ ಮನಿದಷ್ಟ ಅಲ್ಲ, ಇಡೀ ಊರಿನ ರೂಢಿ. ಮ್ಯಾಚಿನ ದಿವಸ ಸೋತವರು ಊಟಕ್ಕ ಕೂಡೂದಿಲ್ಲಂತ. ನಮ್ಮ ಕಡೆ ಏಕಾದಶಿಗೆ ಉಪವಾಸ ಮಾಡ್ತಾರ, ಅಲ್ಲೆ ಗೋಲಿಗೆ ಮಾಡ್ತಾರ, ಅಷ್ಟ ಫರಕು.

ನಾವು ಹೋದಾಗ ಮನ್ಯಾಗ ನಿಶ್ಚಯದ ಮಾತಿಗಿಂತಾ ಕ್ಲಬ್ಬಿನ ಮಾತು ಜಾಸ್ತಿ. ಚಾ ಅಂಗಡಿಗೆ ಹೋದ್ರೂ ಅದ, ಬಸ್ಸಿನ್ಯಾಗೂ ಅದ. ಕ್ಲಬ್ಬನ್ನ ಯಾರೋ ದೊಡ್ಡ ಕಂಪನಿಯವರು ತೊಗೊಳ್ತಾರಂತ. ಯಾರು? ಒಬ್ಬರು ಇಂಥವರಂತ ಅಂತಾರ, ಇನ್ನೊಬ್ಬರು ಛೇ ಅವರಲ್ಲ ಅಂತಾರ. ಎಷ್ಟು ಕೋಟಿ? ಬಣ್ಣಾ ಇಡ್ತಾರೋ ತಗೀತಾರೋ? ಮೈದಾನದ ಮ್ಯಾಲಿನ ಡೇರೆ ಯಾರ ಕೈಗೆ? ನಮ್ಮನಿಯವರು ಮೆಲ್ಲಕ ನನ್ನ ಕಿವ್ಯಾಗ, 'ಇದು ಅಗದೀ ಕನ್ಯಾ ನೋಡಿ ಹೋದ ಮ್ಯಾಲೆ ಓಣ್ಯಾಗ ನಡಿಯೋ ಮಾತಿನಗತೆ ಅದಲ್ಲ' ಅಂದ್ರು. ಖರೇನ ಹಂಗ ಇತ್ತು. ಹುಡುಗ ಅಮೇರಿಕಾದಾಂವಂತ, ಹೊಲಾ ಅದಂತ, ಅತ್ತಿ ಭಾಳ ಜೋರಂತ!

ನಮ್ಮ ಮಂದಿಗೆ ಇಷ್ಟ್ಯಾಕ ಅಂತ ಅನಸಬಹುದು. ಈ ಮೋಹನ್ ಬಾಗಾನ್ ಹುಟ್ಟಿದ್ದು 1889ರಾಗ. 1911ರ ಜುಲೈ 29ಕ್ಕ ಐಎಫ್ಎ ಶೀಲ್ಡ್ ಫೈನಲ್ಲಿನ್ಯಾಗ ಬ್ರಿಟಿಷರ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನವರನ್ನ ಎರಡು-ಒಂದರಿಂದ ಸೋಲಿಸಿದ್ರು. ಹನ್ನೊಂದು ಮಂದಿಯೊಳಗ ಒಬ್ಬರು ಮಾತ್ರ ಬೂಟು ಹಾಕಿದ್ರಂತ, ಉಳದವರೆಲ್ಲಾ ಬರೀಗಾಲು. ಸ್ವಾತಂತ್ರ್ಯ ಬರೂದು ಇನ್ನೂ ಮೂವತ್ತಾರು ವರ್ಷ ಇತ್ತು. ಇವತ್ತಿಗೂ ಜುಲೈ 29 ಅಂದ್ರ ಅವರಿಗೆ ಹಬ್ಬ. ಬೀಗರ ಅಜ್ಜಾ ಆ ಮ್ಯಾಚಿನ ಸುದ್ದಿ ಹೇಳ್ತಿದ್ರಂತ. ನಮ್ಮ ಮನ್ಯಾಗ ಅಜ್ಜನ ಪಂಚಪಾತ್ರಿ ಇಟ್ಟಂಗ ಅವರ ಮನ್ಯಾಗ ಆ ಕಥಿ.

ಜನವರಿ 16ಕ್ಕ ಸುದ್ದಿ ಬಂತು. ಸಂಜೀವ್ ಗೋಯೆಂಕಾ ಅವರ ಕಂಪನಿ ಎಂಬತ್ತು ಪಾಲು ತೊಗೊಳ್ತದ, ಇಪ್ಪತ್ತು ಪಾಲು ಹಳೇ ಕ್ಲಬ್ಬಿಗೆ. ಆ ಕಂಪನಿದು ಮೊದಲ ಎಟಿಕೆ ಅಂತ ಒಂದು ತಂಡ ಇತ್ತು, 2014ರಾಗ ಹುಟ್ಟಿದ್ದು. ಎರಡೂ ಕೂಡಿ ಒಂದ ಆಗ್ತಾವ. ಬೀಗರು ಟೀವಿ ಮುಂದ ಚಾಳೀಸು ತಗದು ಕೈಯಾಗ ಹಿಡಕೊಂಡು ಕೂತ್ರು. ಎಷ್ಟು ಕೋಟಿ ಅಂತ ಕೇಳಲಿಲ್ಲ. ಆಟಗಾರರು ಯಾರು ಬರ್ತಾರ ಅಂತನೂ ಕೇಳಲಿಲ್ಲ. ಅವರ ಬಾಯಿಂದ ಬಂದದ್ದು ಒಂದ ಮಾತು, 'ನಾಮ್ ಕ್ಯಾ ರಖೇಂಗೆ?'

ಆ ಮಾತು ಕೇಳಿ ನನ್ನ ಎದಿಯೊಳಗ ಏನೋ ಚುಳ್ಳ್ ಅಂತು. ಯಾಕಂತ ಹೇಳ್ತೀನಿ.

ನಮ್ಮಲ್ಲೆ ಸೊಸಿನ್ನ ಮನಿ ತುಂಬಿಸಿಕೊಂಡ ಮ್ಯಾಲೆ ತಟ್ಟಿಯೊಳಗ ಅಕ್ಕಿ ಹರವಿ, ಉಂಗುರದಿಂದ ಗಂಡನ ಕಡೆ ಆಕಿ ಹೊಸಾ ಹೆಸರು ಬರಸ್ತಾರ. ನನಗೂ ಬರಸಿದ್ರು. ನನ್ನ ಎರಡೂ ಹೆಸರು ಇಲ್ಲೆ ಬರಿಯೂದಿಲ್ರಿ, ನಮ್ಮ ಮನಿ ಮಂದಿ ಇದನ್ನ ಓದ್ತಾರ. ಹೆಸರು ಛಂದನ ಇತ್ತು, ದೇವರ ಹೆಸರು. ನಮ್ಮ ಅತ್ತಿ ಕೆಟ್ಟಾಕಿ ಅಲ್ಲ, ಬಂಗಾರ ಹಾಕ್ಯಾರ, ಬಾಣಂತನದಾಗ ಎಣ್ಣಿ ತಿಕ್ಕಿ ಎರದಾರ. ಆದ್ರ ಲಗ್ನಾ ಆಗಿ ಹದಿನೈದು ದಿವಸಕ್ಕ ನಮ್ಮಪ್ಪ ಬಂದು, ಬಾಗಲದಾಗ ನಿಂತು, ಹುಟ್ಟಿದಾಗಿಂದ ಕರಿಯೋ ಹೆಸರಿಲೆ ಕೂಗಿದ್ರು. ಅತ್ತಿ ನಕ್ಕೋತನ, 'ಈಗ ಆ ಹೆಸರಿಲ್ರಿ ಬೀಗರ' ಅಂದ್ರು. ಸಿಟ್ಟಿನಿಂದಲ್ಲ, ಇದ್ದದ್ದನ್ನ ಹೇಳಿದ್ರು. ಅವತ್ತಿಂದ ನಮ್ಮಪ್ಪ ಆ ಹೆಸರೂ ಕರೀಲಿಲ್ಲ, ಈ ಹೆಸರೂ ಕರೀಲಿಲ್ಲ. ಹೋಗೂ ತನಕಾ ಬರೇ 'ಬಾಳಾ' ಅಂದ್ರು. ನನಗ ಯಾರೂ ಕೇಳಿದ್ದಿಲ್ಲ. ಕೇಳಿದ್ರ 'ಹೂಂ' ಅಂತಿದ್ನೋ ಏನೋ, ಆ ವಯಸ್ಸು ಹಂಗಿತ್ತು. ಆದ್ರ ಕೇಳಬೇಕಿತ್ತು.

ನಮ್ಮ ಮಗನ ಲಗ್ನಾ ಫೆಬ್ರುವರಿಯೊಳಗ ಹುಬ್ಬಳ್ಳ್ಯಾಗ ಆತು. ಮನಿ ತುಂಬಿಸಿಕೊಂಡ ಮ್ಯಾಲೆ ಆಚಾರ್ರು ಅಕ್ಕಿ ತಟ್ಟಿ ತರಸಿ 'ಹೆಸರು ಏನಮ್ಮಾ' ಅಂದ್ರು. ಬೀಗರು ನನ್ನ ಬಾಜೂಕ ನಿಂತಿದ್ರು. 'ಬೇಯಾನ್, ಇದರಾಗ ಏನು ಬರೀತಾರ?' ಅಂತ ಹಿಂದಿಯೊಳಗ ಕೇಳಿದ್ರು. ಅವರಲ್ಲೆ ಬೀಗತಿಗೆ ಬೇಯಾನ್ ಅಂತಾರ. ಹೊಸಾ ಹೆಸರು ಅಂದೆ. ಜನವರಿ 16ರ ಮಾರಿ ಮತ್ತ ಕಂಡಿತು ನೋಡ್ರಿ ನನಗ. ಮಗಗ 'ಆಕಿ ಹೆಸರ ಏನದ ಅದನ್ನ ಬರಿ' ಅಂದೆ. ಅತ್ತಿ 'ಯಾಕ, ನಿನಗ ಇಟ್ಟಿದ್ದಿಲ್ಲೇನು?' ಅಂದ್ರು. 'ಇಟ್ಟಿದ್ರಿ ಅತ್ಯಾ, ಅದಕ್ಕ ಹೇಳ್ಲಿಕತ್ತೀನಿ' ಅಂದೆ. ಮೂವತ್ತು ವರ್ಷದಾಗ ಅವರಿಗೆ ನಾನು ಎದರುತ್ತರ ಕೊಟ್ಟದ್ದು ಅದೊಂದ ಸಲಾ. ಅವರೂ ಮುಂದ ಮಾತಾಡಲಿಲ್ಲ.

ಅತ್ತಾಗ ಕ್ಲಬ್ಬಿನ ಹೆಸರಿಗೆ ಮಾತ್ರ ಅಭಿಮಾನಿಗಳು ಜುಲೈ ತನಕಾ ಕಾದ್ರು. ಲಾಕ್‌ಡೌನ್ ಬ್ಯಾರೆ, ಮನ್ಯಾಗ ಕೂತು ಬರೇ ತರ್ಕ. ಮಾರ್ಚಿನ್ಯಾಗ ಅದ ತಂಡ ಐ-ಲೀಗ್ ಗೆದ್ದಿತ್ತು, ಸಂತೋಷ ಪಡಲಿಕ್ಕೂ ಮನಸಿಲ್ಲ. ಜುಲೈ 10ಕ್ಕ ತೀರ್ಮಾನ ಆತು: ಹಸಿರು-ಮೆರೂನ್ ಬಣ್ಣಾ ಇರ್ತದ, ಹಾಯಿದೋಣಿ ಗುರುತು ಇರ್ತದ, ಹೆಸರು ಮಾತ್ರ 'ಎಟಿಕೆ ಮೋಹನ್ ಬಾಗಾನ್'. ನೂರಾಮೂವತ್ತು ವರ್ಷದ ಹೆಸರಿನ ಮುಂದ ಆರು ವರ್ಷದ ಕೂಸಿನ ಹೆಸರು! ಅಭಿಮಾನಿಗಳು 'ಎಟಿಕೆ ತಗೀರಿ' ಅಂತ ಮೂರು ವರ್ಷ ಹಠಾ ಹಿಡದ್ರು.

ಇದ ಮೊದಲನೇ ಸಲಾ ಅಂತನೂ ಅಲ್ರಿ. 1998ರಾಗ ನಮ್ಮ ಬೆಂಗಳೂರಿನ ಯುಬಿ ಕಂಪನಿ ಎರಡೂ ಕ್ಲಬ್ಬಿಗೆ ರೊಕ್ಕಾ ಹಾಕಿ, ಒಂದರ ಹಿಂದ ಮುಂದ ಮ್ಯಾಕ್‌ಡೊವೆಲ್, ಇನ್ನೊಂದಕ್ಕ ಕಿಂಗ್‌ಫಿಶರ್ ಅಂತ ಹಚ್ಚಿತ್ತು. 2018ರಾಗ ಬೆಂಗಳೂರಿಂದ ಕ್ವೆಸ್ ಕಂಪನಿ ಈಸ್ಟ್ ಬೆಂಗಾಲಿಗೆ ಬಂತು, ಎರಡು ವರ್ಷಕ್ಕ ಹೋತು. ಮುಂದ ಶ್ರೀ ಸಿಮೆಂಟ್‌ನವರು, ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ನಡುವ ನಿಂತು ಕೂಡಿಸಿದ್ರು. ಆದ್ರ ಕಡೀ ಕರಾರಿಗೆ ಕ್ಲಬ್ಬಿನ ಹಿರಿಯರು ಸಹಿ ಹಾಕಲಿಲ್ಲ. 2021ರ ಜುಲೈದಾಗ ಕ್ಲಬ್ಬಿನ ಮುಂದ ಅಭಿಮಾನಿಗಳ ಗದ್ದಲ ಆಗಿ, ಪೊಲೀಸರು ಲಾಠಿ ಬೀಸಿದ್ರು. ಬೀಗತಿ ಫೋನಿನ್ಯಾಗ ಅಳೂದೊಂದು ಬಾಕಿ. 2022ಕ್ಕ ಇಮಾಮಿಯವರು ಬಂದ್ರು. ನಾಕು ವರ್ಷಕ್ಕ ಮೂರು ಯಜಮಾನರು. ಒಂದು ಮನಿಗೆ ಹಿಂಗ ಆದ್ರ ಆ ಮನ್ಯಾಗ ಉಪ್ಪಿನಕಾಯಿ ಭರಣಿ ಎಲ್ಲೆ ಅದ ಅಂತ ಯಾರಿಗೂ ಗೊತ್ತಿರೂದಿಲ್ಲ.

ಇಲ್ಲೆ ನಮ್ಮನಿಯವರ ವಾದಾನೂ ಹೇಳಬೇಕು, ಇಲ್ಲಂದ್ರ ನ್ಯಾಯ ಅಲ್ಲ. 'ರೊಕ್ಕಾ ಹಾಕಿದಾಂವ ಹೆಸರು ಹಾಕ್ಕೋಬಾರದು ಅಂದ್ರ ಯಾಕ ಹಾಕ್ತಾನ? ಆಟಗಾರರಿಗೆ ಪಗಾರಾ ಇವರ ಅಭಿಮಾನ ಕೊಡ್ತದೇನು?' ಅಂತಾರ. ಅರ್ಧಾ ಖರೆ. ದೊಡ್ಡ ಲೀಗಿನ್ಯಾಗ ಆಡಬೇಕಂದ್ರ ಕೋಟಿಗಟ್ಟಲೆ ಬೇಕು, ಡೇರ್ಯಾಗ ಕುರ್ಚಿ ಹಾಕ್ಕೊಂಡು ಕೂತ ಹಿರಿಯರ ಕಡೆ ಅಷ್ಟಿಲ್ಲ. ಕಂಪನಿ ಬಂದ ಮ್ಯಾಲೆ ಮೋಹನ್ ಬಾಗಾನ್ ಗೆದ್ದದ್ದೂ ಖರೆ. ಹಂಗಾಗಿ 'ಕಂಪನಿನ ಬ್ಯಾಡ' ಅನ್ನೋ ಹುಡುಗರ ಮಾತು ನನಗ ಒಪ್ಪಿಗಿಲ್ಲ. ಲಗ್ನಾನ ಬ್ಯಾಡ, ಆದ್ರ ಬಂಗಾರ ಬೇಕು ಅಂದಂಗ ಅದು.

ಆದ್ರ ಇನ್ನರ್ಧಕ್ಕ ನನ್ನ ಉತ್ತರ ಕೇಳ್ರಿ. ನಮ್ಮ ಓಣಿ ಗುಡಿಗೆ ಫ್ಯಾನ್ ಕೊಟ್ಟಾಂವ ಫ್ಯಾನಿನ ಪಕಳಿ ಮ್ಯಾಲೆ ಹೆಸರು ಬರಸ್ತಾನ. ಮೂರೂ ಪಕಳಿ ಮ್ಯಾಲೆ ಬರಸ್ಲಿ, ತಿರಗೂ ಮುಂದ ಯಾರಿಗೂ ಕಾಣೂದಿಲ್ಲ. ಬಾಂಕು ಕೊಟ್ಟಾಂವ ಬಾಂಕಿನ ಮ್ಯಾಲೆ ಬರಸ್ತಾನ. ಆದ್ರ ಎಷ್ಟ ಕೊಟ್ರೂ ಹಣಮಪ್ಪನ ಹೆಸರಿನ ಮುಂದ ತನ್ನ ಅಂಗಡಿ ಹೆಸರು ಹಚ್ಚೂದಿಲ್ಲ. ಆಟಗಾರನ ಅಂಗಿ ಎದಿ ಮ್ಯಾಲೆ ಹಾಕ್ರಿ, ಬೆನ್ನ ಮ್ಯಾಲೆ ಹಾಕ್ರಿ, ಮೈದಾನದ ಸುತ್ತಲೂ ಹಲಗಿ ನಿಂದರಸ್ರಿ. ಹೆಸರು ಮಾತ್ರ ನೀವು ಹುಟ್ಟೂಕಿಂತಾ ಮೊದಲಿಂದ ಇದ್ದದ್ದು, ನೀವು ಹೋದ ಮ್ಯಾಲೂ ಇರೂದು.

ಎರಡನೇದು, ಕೇಳೂ ರೀತಿ. ಅಭಿಮಾನಿಗಳು ಚಾ ಅಂಗಡ್ಯಾಗ ಕೂತು ತರ್ಕಾ ಮಾಡ್ತಾರ ಅಂತ ಪೇಪರಿನವರು ನಗತಾರ. ಮಾಡದೇನ ಮಾಡಬೇಕ್ರಿ? ಒಳಗಿನ ಖೋಲ್ಯಾಗ ನಿನ್ನ ಬಗ್ಗೆ ಮಾತು ನಡದಾವ, ನಿನ್ನ ಒಳಗ ಕರಿಯೂದಿಲ್ಲ ಅಂದ್ರ ಬಾಗಲಕ್ಕ ಕಿವಿ ಹಚ್ಚೂದ ಸೈ. ನಾನೂ ನನ್ನ ಮಾತುಕತಿ ದಿವಸ ಅಡಗಿಮನಿ ಬಾಗಲದ ಹಿಂದನ ನಿಂತಿದ್ದೆ. ಜರ್ಮನಿಯೊಳಗ ಒಂದು ನಿಯಮ ಅದ ಅಂತ ಮಗಾ ಹೇಳ್ದಾ: ಕೆಲವೊಂದು ಕ್ಲಬ್ ಬಿಟ್ರ, ಕಂಪನಿ ಎಷ್ಟು ರೊಕ್ಕಾ ಹಾಕಿದ್ರೂ ಅರ್ಧಕ್ಕಿಂತಾ ಒಂದು ಮತ ಹೆಚ್ಚಿಗಿ ಕ್ಲಬ್ಬಿನ ಸದಸ್ಯರ ಕೈಯಾಗ ಇರಬೇಕಂತ. ನಮ್ಮಲ್ಲೆ ಅಷ್ಟು ಆಗದಿದ್ರ ಹೋಗ್ಲಿ. ಹೆಸರು, ಬಣ್ಣಾ, ಗುರುತು, ಈ ಮೂರಕ್ಕರೆ ಮಂದಿನ್ನ ಕೇಳಿ ಕರಾರಿನ್ಯಾಗ ಮೊದಲನೇ ಸಾಲಿನ್ಯಾಗ ಬರೀರಿ. ಆಮ್ಯಾಲೆ ಕೋಟಿ ಲೆಕ್ಕಾ ಮಾಡ್ರಿ.

2023ರ ಮಾರ್ಚ್ 18ಕ್ಕ ಗೋವಾದಾಗ ಫೈನಲ್, ಎದರಿಗೆ ನಮ್ಮ ಬೆಂಗಳೂರು. ಬೆಂಗಳೂರಿನ ಸುನೀಲ್ ಛೇತ್ರಿ ಬ್ಯಾರೆ ಮೋಹನ್ ಬಾಗಾನಿನ ಹಳೇ ಆಟಗಾರ ಸುಬ್ರತ ಭಟ್ಟಾಚಾರ್ಯರ ಅಳಿಯ. ನಮ್ಮ ಮನ್ಯಾಗ ಮಗಾ ಒಂದು ಕಡೆ, ಸೊಸಿ ಒಂದು ಕಡೆ, ನಾನು ಚುರಮುರಿ ಕಲಸೋ ಕಡೆ. ಎರಡು-ಎರಡು ಆಗಿ, ಪೆನಾಲ್ಟಿಯೊಳಗ ಮೋಹನ್ ಬಾಗಾನ್ ಗೆದ್ದಿತು. ಅವತ್ತ ಗೋಯೆಂಕಾ ಅವರು ಎಟಿಕೆ ತಗೀತೀವಿ, ಮುಂದಿನ ವರ್ಷದಿಂದ ಮೋಹನ್ ಬಾಗಾನ್ ಸೂಪರ್ ಜೈಂಟ್ ಅಂದ್ರು. ಬೀಗರು ಫೋನ್ ಹಚ್ಚಿ, 'ಬೇಯಾನ್, ಮುಂದಿನದು ಹೋತು, ಹಿಂದೊಂದು ಬಂತು. ಇರ್ಲಿ, ಹಿಂದ ನಿಂದರ್ಲಿ' ಅಂತ ನಕ್ರು. ಮೂರು ವರ್ಷ ಬಾಯಿ ಬಿಟ್ಟದ್ದಕ್ಕ ಅಷ್ಟರೆ ಆತು. ಸುಮ್ಮ ಕೂತಿದ್ರ ಅದೂ ಇಲ್ಲ.

2025ರ ಏಪ್ರಿಲ್‌ದಾಗ ಮತ್ತ ಅದ ಎರಡು ತಂಡ, ಮತ್ತ ಮೋಹನ್ ಬಾಗಾನ್ ಗೆದ್ದಿತು. ಟೀವಿಯೊಳಗ ಮಂದಿ ಒದರೂದು ಕಿವಿಗೊಟ್ಟು ಕೇಳಿದೆ. ಕಾಗದದ ಮ್ಯಾಲೆ ಏನರೆ ಇರಲಿ, ಗಂಟಲಿಂದ ಬರೂದು 'ಮೋಹನ್ ಬಾಗಾನ್' ಅಷ್ಟ. ನಮ್ಮಣ್ಣ ಇವತ್ತಿಗೂ ಫೋನಿನ್ಯಾಗ ನನ್ನ ಹಳೇ ಹೆಸರ ಕರೀತಾನ, ನಾನೂ 'ಓ' ಅಂತೀನಿ.

ಕುಕ್ಕರ್ ಐದು ಸೀಟಿ ಹೊಡೀತು, ಬ್ಯಾಳಿ ಹಿಟ್ಟಾಗಿರ್ತದ. ಏಳ್ತೀನ್ರಿ.