ಲೇಬಲ್ ಯಾಕೆ ಬೇಕು ಅಂತ ಕೇಳುವವರಿಗೆ

"ನಿಂಗೆ ಆಟಿಸಮ್ಮಾ? ನೋಡಿದ್ರೆ ಹಾಗೆ ಕಾಣ್ಸಲ್ವಲ್ಲ!"

ಇದನ್ನು ಹೊಗಳಿಕೆ ಅಂದುಕೊಂಡೇ ಜನ ಹೇಳುತ್ತಾರೆ. ನಾನು ಥ್ಯಾಂಕ್ಸ್ ಅನ್ನಬಹುದೇನೋ ಎಂದು ಒಂದು ಕ್ಷಣ ಕಾಯುತ್ತಾರೆ ಕೂಡ. ಮೂವತ್ತಮೂರನೇ ವಯಸ್ಸಿನಲ್ಲಿ ಆಟಿಸಂ ತಪಾಸಣೆಗೆ ಹೊರಟಿದ್ದೇನೆ ಎಂದು ಬಾಯಿ ಬಿಟ್ಟಾಗಿನಿಂದ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. (ಲೆಕ್ಕ ಇದೆ. ಹದಿನಾಲ್ಕು ಸಲ. ಲೆಕ್ಕ ಇಡೋದು ನನ್ನ ಚಟ.)

ಅದರ ಬೆನ್ನಿಗೇ ಇನ್ನೊಂದು ಬರುತ್ತೆ: "ಚೆನ್ನಾಗೇ ಇದ್ದೀಯಲ್ಲ, ಕೆಲಸ ಇದೆ, ಸಂಬಳ ಇದೆ. ಈಗ್ಯಾಕೆ ಆ ಲೇಬಲ್ಲು?"

ಸ್ವಾಮಿ, ಲೇಬಲ್ ಇಲ್ಲದೆ ನಾನು ಯಾವತ್ತು ಇದ್ದೆ? ಸ್ಕೂಲಲ್ಲಿ "ಮೂಗಿ". ನೆಂಟರಿಷ್ಟರ ನಡುವೆ "ಜಂಬದ ಕೋಳಿ". ಪಿಜಿಯಲ್ಲಿ "ಒಂಥರಾ". ಹೆಣ್ಣು ನೋಡಲು ಬಂದವರ ಬಾಯಲ್ಲಿ "ಹುಡುಗಿ ಮುಖ ಕೊಟ್ಟು ಮಾತಾಡಲ್ಲ". ಆಫೀಸಿನ ಅಪ್ರೈಸಲ್‌ನಲ್ಲಿ ಸತತ ಮೂರು ವರ್ಷ "ನಾಟ್ ಎ ಟೀಮ್ ಪ್ಲೇಯರ್". ಇವೆಲ್ಲ ಕೇಳದೆಯೇ, ಪುಕ್ಕಟೆ ಸಿಕ್ಕವು. ಒಂದನ್ನು ಅಂಟಿಸುವ ಮುಂಚೆಯೂ ಯಾರೂ ಸೆಕೆಂಡ್ ಒಪೀನಿಯನ್ ತಗೊಳ್ಳಲಿಲ್ಲ. ಈಗ ನಾನೇ ರಜೆ ಹಾಕಿ, ತಿಂಗಳ ಬಾಡಿಗೆಗಿಂತ ಜಾಸ್ತಿ ದುಡ್ಡು ಸುರಿದು, ಅದನ್ನೇ ಓದಿದವರ ಹತ್ತಿರ ಹೋಗಿ ಸರಿಯಾದ ಹೆಸರೇನು ಅಂತ ಕೇಳಿದರೆ ಮಾತ್ರ ಎಲ್ಲರಿಗೂ ಲೇಬಲ್ಲುಗಳ ಬಗ್ಗೆ ತಾತ್ವಿಕ ತಕರಾರು.

ಜನ ಹೋಗಲಿ, ನಾನು ಮೊದಲು ಕಂಡ ಡಾಕ್ಟರೇ "ಅದು ಮಕ್ಕಳದ್ದಲ್ವೇನಮ್ಮಾ" ಎಂದರು. ಆ ಮಕ್ಕಳು ಆಮೇಲೆ ಏನಾದರು ಅಂತ ಅವರಿಗೆ ಯೋಚನೆ ಬಂದಿರಲಿಲ್ಲವೋ ಏನೋ. ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಬಗ್ಗೆ ಬರೆದ ಪ್ರಸಿದ್ಧ ಲೇಖನದ ಮೊದಲ ಹುಡುಗ ಡೊನಾಲ್ಡ್ ಟ್ರಿಪ್ಲೆಟ್. ಅಮೆರಿಕದ ಮಿಸಿಸಿಪ್ಪಿಯ ಫಾರೆಸ್ಟ್ ಎಂಬ ಸಣ್ಣ ಊರಿನವನು. ಅಲ್ಲಿಯ ಬ್ಯಾಂಕಿನಲ್ಲಿ ದಶಕಗಳ ಕಾಲ ಕೆಲಸ ಮಾಡಿ, ಗಾಲ್ಫ್ ಆಡಿ, ದೇಶ ವಿದೇಶ ಸುತ್ತಿ, 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡ. ಆಟಿಸಂ ಅವನನ್ನು ಹದಿನೆಂಟನೇ ಹುಟ್ಟುಹಬ್ಬದಂದು ಬಿಟ್ಟುಹೋಗಲಿಲ್ಲ.

ಚಿಕ್ಕವಳಿದ್ದಾಗಲೇ ಯಾಕೆ ತೋರಿಸಲಿಲ್ಲ ಅಂತಲೂ ಕೇಳುತ್ತಾರೆ. ತೋರಿಸೋದು ಯಾರಿಗೆ? ನಾನು ಎಲ್‌ಕೆಜಿಯಲ್ಲಿದ್ದಾಗ ಬಂದ 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಏಳು ನ್ಯೂನತೆಗಳಿದ್ದವು, ಆಟಿಸಂ ಅದರಲ್ಲಿ ಇರಲೇ ಇಲ್ಲ. 2016ರ ಕಾಯ್ದೆ ಆ ಪಟ್ಟಿಯನ್ನು 21ಕ್ಕೆ ಏರಿಸಿದಾಗ ಆಟಿಸಂ ಒಳಗೆ ಬಂತು. ಅಷ್ಟು ಹೊತ್ತಿಗೆ ನಾನು ಕೆಲಸಕ್ಕೆ ಸೇರಿ ಎರಡು ವರ್ಷ. ಅದೂ ಅಲ್ಲದೆ ಮಾತು ಬರುವ, ಮಾರ್ಕ್ಸ್ ತೆಗೆಯುವ, ಗಲಾಟೆ ಮಾಡದ ಹುಡುಗಿಯನ್ನು ಡಾಕ್ಟರ ಹತ್ತಿರ ಕರಕೊಂಡು ಹೋಗುವ ಮೇಷ್ಟ್ರು ಯಾವ ಊರಲ್ಲಿದ್ದರು? ಅವರಿಗೆ ನಾನು ಮಾದರಿ ವಿದ್ಯಾರ್ಥಿನಿ.

ಇನ್ನು ತಪಾಸಣೆ. ಇದಕ್ಕೆ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಮಾತುಕತೆ, ಗಮನಿಸುವುದು, ಬಾಲ್ಯದ ವಿವರ, ಪ್ರಶ್ನಾವಳಿ, ಅಷ್ಟೇ. ನಮ್ಮಲ್ಲಿ ಅಂಗವೈಕಲ್ಯದ ಸರ್ಟಿಫಿಕೇಟಿಗೆ ಬಳಸುವ ಐಎಸ್‌ಎಎ ಎಂಬ ಮಾಪನದಲ್ಲಿ 40 ಅಂಶಗಳಿವೆ. ಕಣ್ಣಿಟ್ಟು ನೋಡುವುದಿಲ್ಲವೇ, ನಗುವಿಗೆ ನಗುವುದಿಲ್ಲವೇ, ತನ್ನ ಪಾಡಿಗೆ ದೂರ ಇರುತ್ತಾರೆಯೇ ಇತ್ಯಾದಿ. ಎಷ್ಟು ಹೊತ್ತು ಹಾಗೆ ಮಾಡುತ್ತಾರೆ ಎಂಬುದರ ಮೇಲೆ ಪ್ರತಿಯೊಂದಕ್ಕೂ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲ.

ನನ್ನ ಜಗಳ ಇರುವುದು ಇಲ್ಲೇ. ನಾನು ಕಣ್ಣಿಟ್ಟು ನೋಡುತ್ತೇನೆ. ಹೇಗೆ ಗೊತ್ತಾ? ಮೂರು ಎಣಿಸುವಷ್ಟು ಹೊತ್ತು ಕಣ್ಣು, ಎರಡು ಎಣಿಸುವಷ್ಟು ಹೊತ್ತು ಮೂಗಿನ ಮೇಲ್ಭಾಗ, ಆಮೇಲೆ ನೋಟ್‌ಬುಕ್ಕು, ಮತ್ತೆ ಕಣ್ಣು. ಇಪ್ಪತ್ತು ವರ್ಷದ ಅಭ್ಯಾಸ. ಈ ಎಣಿಕೆಯ ನಡುವೆ ಎದುರಿನವರು ಹೇಳಿದ್ದರಲ್ಲಿ ಅರ್ಧ ಕಿವಿಗೆ ಬಿದ್ದಿರುವುದಿಲ್ಲ. ಸಂಜೆ ಮನೆಗೆ ಬಂದು ಲೈಟ್ ಆರಿಸಿ, ಬಾತ್‌ರೂಮಿನ ನೆಲದ ಮೇಲೆ ಮುಕ್ಕಾಲು ಗಂಟೆ ಕೂರುತ್ತೇನೆ. ಕಣ್ಣಿಟ್ಟು ನೋಡ್ತಾರಾ ಅನ್ನೋ ಪ್ರಶ್ನೆಗೆ ನನ್ನ ಉತ್ತರ "ಹೌದು", ಅಂಕ ಒಂದು. ಹಾಗೆ ನೋಡಲು ಏನು ಖರ್ಚಾಯಿತು ಅನ್ನುವ ಪ್ರಶ್ನೆ ಹಾಳೆಯಲ್ಲಿಲ್ಲ. ಕೇಳುವ ಡಾಕ್ಟರುಗಳಿದ್ದಾರೆ, ಇಲ್ಲವೆಂದಲ್ಲ. ನನಗೆ ಅಂಥವರು ಸಿಕ್ಕಿದ್ದು ಮೂರನೇ ಪ್ರಯತ್ನದಲ್ಲಿ.

ಅವರು ಅಮ್ಮನನ್ನು ಕರಕೊಂಡು ಬನ್ನಿ ಎಂದರು. ಅಮ್ಮ ಕಾಂಜೀವರಂ ಸೀರೆ ಉಟ್ಟು, ಮಗಳ ಮರ್ಯಾದೆ ಕಾಪಾಡಲು ಟೊಂಕ ಕಟ್ಟಿ ಬಂದರು. "ಏನೂ ತೊಂದರೆ ಇರ್ಲಿಲ್ಲ ಡಾಕ್ಟ್ರೇ, ತುಂಬಾ ಒಳ್ಳೆ ಮಗು. ಕೂರ್ಸಿದ್ ಕಡೆ ಕೂತಿರ್ತಿತ್ತು." ಪ್ರತಿ ಪ್ರಶ್ನೆಗೂ ಇದೇ ಧಾಟಿ. ಎದ್ದು ಹೊರಡುವಾಗ ಡಾಕ್ಟರು ಸುಮ್ಮನೆ, ಇವರ ಬಗ್ಗೆ ಮನೆಯಲ್ಲಿ ತಮಾಷೆಗೆ ಹೇಳೋ ಕತೆ ಏನಾದ್ರೂ ಇದ್ಯಾ ಎಂದರು. ಅಮ್ಮ ಖುಷಿಯಾಗಿ ಮತ್ತೆ ಕೂತರು. ಮನೆಗೆ ಬಂದವರು ಹೊರಡುವಾಗ "ಬರ್ತೀನಿ" ಅಂತಾರಲ್ಲ, ನಾನು ಅವರು ಈಗಲೇ ವಾಪಸ್ ಬರ್ತಾರೆ ಅಂತ ಬಾಗಿಲಲ್ಲೇ ಕೂತಿರುತ್ತಿದ್ದೆನಂತೆ. ರಾತ್ರಿ ಊಟಕ್ಕೂ ಏಳುತ್ತಿರಲಿಲ್ಲವಂತೆ. ನಾಲ್ಕನೇ ಕ್ಲಾಸಿನವರೆಗೂ! ಪಕ್ಕದ ಮನೆಯವರು "ಯಾವಾಗ್ಲಾದ್ರೂ ಬಾರೆ ನಮ್ಮನೆಗೆ" ಅಂದಿದ್ದಕ್ಕೆ ಬೆಳಿಗ್ಗೆ ಐದೂವರೆಗೆ ಹೋಗಿ ಬೆಲ್ ಒತ್ತಿದ್ದೆನಂತೆ. ಅಮ್ಮ ನಗುತ್ತಾ ಹೇಳುತ್ತಲೇ ಇದ್ದರು, ಡಾಕ್ಟರು ಬರೆಯುತ್ತಲೇ ಇದ್ದರು. ಮೂವತ್ತು ವರ್ಷ ಮದುವೆ ಮುಂಜಿಗಳಲ್ಲಿ ನೆಂಟರನ್ನು ನಗಿಸಿದ ಕತೆ ಅದು.

ರೀಲ್ಸ್ ನೋಡಿ ಎಲ್ಲರೂ ತಮಗೆ ಆಟಿಸಂ ಅಂದ್ಕೋತಾರೆ ಅನ್ನುವವರಿಗೆ: ಹೌದು, ನಾನೂ ರೀಲ್ಸ್ ನೋಡಿಯೇ ಶುರು ಮಾಡಿದ್ದು. ಅದಕ್ಕೇ ಅಲ್ವಾ ತಪಾಸಣೆ ಬೇಕಿರೋದು? ನನ್ನ ಗೆಳತಿಗೆ ನಿಮ್ಮದು ಆಟಿಸಂ ಅಲ್ಲ, ಆತಂಕದ ಸಮಸ್ಯೆ ಎಂದರು. ಅವಳು ಅದಕ್ಕೆ ಬೇಕಾದ ಥೆರಪಿ ತಗೊಂಡು ಆರಾಮಾಗಿದ್ದಾಳೆ. ರೀಲ್ಸು ಅವಳಿಗೆ ಇದನ್ನು ಹೇಳುತ್ತಿರಲಿಲ್ಲ.

ಇನ್ನು ಆಫೀಸುಗಳ ವಿಷಯ. ಖಾಸಗಿ ಕಂಪನಿಗಳೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕು ಎಂದು ಅದೇ 2016ರ ಕಾಯ್ದೆ ಹೇಳುತ್ತೆ. ನಮ್ಮಲ್ಲೂ ಚಂದದ ಪಿಡಿಎಫ್ ಇದೆ. ಏಪ್ರಿಲ್ 2ರ ಆಟಿಸಂ ದಿನ ಕಂಪನಿಯ ಲೋಗೋ ನೀಲಿಯಾಗುತ್ತೆ. ಆದರೆ ಪ್ಯಾಂಟ್ರಿಯ ಪಕ್ಕದ ಸೀಟಿನಿಂದ ನನ್ನನ್ನು ಮೂಲೆಗೆ ಹಾಕಿ, ಮಿಕ್ಸಿ ಸದ್ದಿನಲ್ಲಿ ಕೆಲಸ ಆಗ್ತಿಲ್ಲ ಅಂತ ಕೇಳಿದ್ದಕ್ಕೆ ಎಚ್ಚಾರ್ ಕೊಟ್ಟ ಉತ್ತರ ಒಂದೇ ಸಾಲು: ಸರ್ಟಿಫಿಕೇಟ್ ಅಟ್ಯಾಚ್ ಮಾಡಿ. ಲೇಬಲ್ ಯಾಕೆ ಬೇಕು ಅಂತ ಕ್ಯಾಂಟೀನಿನಲ್ಲಿ ಕೇಳಿದ್ದೂ ಇದೇ ಎಚ್ಚಾರ್.

ಮುಂದಿನ ಸಿಟ್ಟಿಂಗ್ ಈ ಶನಿವಾರ ಹನ್ನೊಂದಕ್ಕೆ. ರಿಪೋರ್ಟಿನಲ್ಲಿ ಏನು ಬರುತ್ತೋ ಗೊತ್ತಿಲ್ಲ. ಹತ್ತೂವರೆಗೇ ಹೋಗಿ ಕೂತಿರ್ತೀನಿ. ಅಲ್ಲಿ ವೇಟಿಂಗ್ ಹಾಲಿನಲ್ಲಿ ಟಿವಿ ಜೋರಾಗಿ ಕಿರುಚುತ್ತಿರುತ್ತೆ, ಸ್ವಲ್ಪ ಆಫ್ ಮಾಡ್ತೀರಾ ಅಂತ ಈ ಸಲ ಕೇಳೋಣ ಅಂತಿದ್ದೀನಿ.